ನಡೆಯೋದು ಕಾಣಬೇಕು

ಕ್ಯಾಮೆರಾ ಕದ್ದನೆಂದು ಹೋಟೆಲಿನವರು ಅವನನ್ನು ಕೆಲಸದಿಂದ ತೆಗೆದರು. ಕ್ಯಾಮೆರಾ ಅವನದೇ ಆಗಿತ್ತು.

ಅದಾಗಿ ಮೂರು ವರ್ಷಕ್ಕೆ ಅವನು ಸತ್ತ. ಈಗ ಅವನ ಹೆಂಡತಿ ಜಗುಲಿಯ ಮೇಜಿನ ಮುಂದೆ ನಿಂತು, ಅವನಿಗೆ ತೊಡಿಸಬೇಕಾದ ಬಿಳಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಳು. ಒಂದು ತೋಳು ಸರಿಮಾಡುವಷ್ಟರಲ್ಲಿ ಇನ್ನೊಂದು ತೋಳು ಮುದುಡುತ್ತಿತ್ತು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಅವಳು ಇಸ್ತ್ರಿಪೆಟ್ಟಿಗೆ ಮುಟ್ಟಿದವಳೇ ಅಲ್ಲ. ಹೋಟೆಲಿನ ಲಾಂಡ್ರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕಿ ಬಂದವನು ಮನೆಯಲ್ಲಿ ಮಗಳ ಯೂನಿಫಾರಂಗೂ ಹಾಕುತ್ತಿದ್ದ, ಕೈ ಒರೆಸುವ ಬಟ್ಟೆಗೂ ಹಾಕುತ್ತಿದ್ದ. ಕೆಲಸ ಹೋದ ಮೇಲೆ ಇದೇ ಮೇಜಿನ ಮೇಲೆ ಬೀದಿಯವರ ಬಟ್ಟೆಗೆಲ್ಲ ಹಾಕಿದ. ನಿನ್ನೆ ಬೆಳಿಗ್ಗೆ ಬಿದ್ದದ್ದೂ ಇದೇ ಮೇಜಿನ ಬುಡದಲ್ಲಿ.

“ಮೊದ್ಲು ಕಾಲರ್ ಹಾಕು ಮಗಳೇ, ಆಮೇಲೆ ತೋಳು,” ಎಂದಳು ಎದುರುಮನೆ ಅಜ್ಜಿ. ಬೆಳಗಿನಿಂದ ಬಾಗಿಲ ಪಕ್ಕದ ಕುರ್ಚಿ ಅವಳದೇ. “ಹೀಗೆ ಸುಟ್ಟು ಹಾಕಿದ್ರೆ ಅವನು ಎದ್ದು ಬಂದು ಕಿತ್ಕೊಂಡುಬಿಡ್ತಾನೆ ನೋಡ್ತಿರು.”

“ಎದ್ದು ಬಂದ್ರೆ ಕೊಟ್ಬಿಡ್ತೀನಿ ಅಜ್ಜಿ.”

ಅಜ್ಜಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು.

ಅಷ್ಟರಲ್ಲಿ ಮೈದುನ ಬೀದಿಯ ಕಡೆಯಿಂದ ಬಿರಬಿರನೆ ಬಂದ. ಅವನೂ ಅದೇ ಹೋಟೆಲಿನಲ್ಲಿ ಅಡುಗೆಮನೆಯ ಕೆಲಸಕ್ಕಿದ್ದವನು. ಅಣ್ಣನನ್ನು ತೆಗೆದ ಮೇಲೂ ತಲೆ ತಗ್ಗಿಸಿಕೊಂಡು ಉಳಿದವನು. “ಅತ್ತಿಗೆ, ಹೋಟೆಲಿಂದ ಬಂದಿದಾರೆ. ಮೇಲ್ವಿಚಾರಕರೇ ಖುದ್ದಾಗಿ ಬಂದಿದಾರೆ.” ಹೇಳುವಾಗ ಅವನ ದನಿಯಲ್ಲಿ ಭಯವೂ ಇತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಮೇಲ್ವಿಚಾರಕನ ಒಂದು ಕೈಯಲ್ಲಿ ಹೂವಿನ ಚಕ್ರ, ಇನ್ನೊಂದು ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಚಕ್ರವನ್ನು ಎಲ್ಲಿಡಬೇಕೆಂದು ತಿಳಿಯದೆ ಬಟ್ಟೆಯ ಗಂಟುಗಳ ಮೇಲೆ ಇಟ್ಟ. ಪೆಟ್ಟಿಗೆಯನ್ನು ಇಸ್ತ್ರಿ ಮೇಜಿನ ತುದಿಗೆ ಸರಿಸಿದ.

“ತುಂಬಾ ಬೇಜಾರಾಯ್ತಮ್ಮ. ಒಳ್ಳೇ ಕೆಲಸಗಾರ. ಮ್ಯಾನೇಜರ್ ಇದನ್ನ ಕೊಟ್ಟು ಬರೋಕೆ ಹೇಳಿದ್ರು. ನಿಮ್ಮ ವಸ್ತು. ನಿಮ್ಮ ಯಜಮಾನರ ಕ್ಯಾಮೆರಾ.”

ಅವಳ ಕೈ ಶರ್ಟಿನ ಮೇಲೆ ನಿಂತಿತು. ಒಳಗಿನಿಂದ ಮಗಳು ಓಡಿ ಬಂದು ಅಮ್ಮನ ಕೈಯಿಂದ ಇಸ್ತ್ರಿಪೆಟ್ಟಿಗೆ ತೆಗೆದಳು. ಬಟ್ಟೆ ಹಳದಿಯಾಗುವುದರಲ್ಲಿತ್ತು.

ನಮ್ಮದು ಅಂದರೆ? ಅವಳಿಗೆ ತಲೆಬುಡ ತಿಳಿಯಲಿಲ್ಲ. ನಮ್ಮದಾದರೆ ಇವರು ಅವನನ್ನು ಕಳ್ಳನೆಂದದ್ದು ಏಕೆ? ಕಳ್ಳನೇ ಆಗಿದ್ದರೆ ಇದು ನಮ್ಮದು ಹೇಗಾಯಿತು?

“ಇದನ್ನ ತನ್ನದು ಅಂದಿದ್ದ ಆ ಅತಿಥಿಗೆ ಕೊಟ್ಟು ಕಳಿಸಿದ್ರಲ್ಲ?” ಎಂದು ಕೇಳಿದಳು.

“ಅದೆಲ್ಲ ಒಂದು ಗೊಂದಲ ಆಗಿತ್ತಮ್ಮ. ಅವರ ಕ್ಯಾಮೆರಾ ಅವರ ಸಾಮಾನಲ್ಲೇ ಸಿಕ್ಕಿತಂತೆ. ಇದು ಸ್ಟೋರಲ್ಲೇ ಉಳ್ಕೊಂಡುಬಿಟ್ಟಿತ್ತು. ಕೊಡೋದಕ್ಕೆ ಮರೆತುಹೋಗಿದೆ, ಅಷ್ಟೇ.”

ಮೂರು ವರ್ಷದ ಮರೆವನ್ನು ಅವನು ಛತ್ರಿ ಮರೆತವನ ಹಾಗೆ ಹೇಳಿ ಮುಗಿಸಿದ.

* * *

ಆ ಕ್ಯಾಮೆರಾ ಆರಿಸಿದ್ದೇ ಒಂದು ದೊಡ್ಡ ಪುರಾಣ. ರಜೆಯ ದಿನ ಬಂತೆಂದರೆ ಗಂಡ ಹೆಂಡತಿ ಪೇಟೆಗೆ ಹೋಗುವುದು, ಗಾಜಿನ ಕಪಾಟಿನ ಮುಂದೆ ನಿಲ್ಲುವುದು, ಬೆಲೆಯ ಚೀಟಿ ಕಂಡ ಕೂಡಲೇ ಅವನು ಕೆಮ್ಮುವುದು. ಆ ಕೆಮ್ಮೆಂದರೆ ಹೊರಡೋಣವೆಂಬ ಸನ್ನೆ. ಅವಳು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಳು.

ಅಂಗಡಿಯವರು ಏನೇನೋ ಹೇಳುತ್ತಿದ್ದರು. ಸಣ್ಣ ಕ್ಯಾಸೆಟ್ಟಿನದು, ಅದಕ್ಕಿಂತ ಸಣ್ಣ ಕ್ಯಾಸೆಟ್ಟಿನದು, ಕ್ಯಾಸೆಟ್ಟೇ ಬೇಡದ್ದು. ವಸ್ತು ಸಣ್ಣದಾದಷ್ಟೂ ಬೆಲೆ ದೊಡ್ಡದು. ದೊಡ್ಡ ಪಾತ್ರೆಗಿಂತ ಸಣ್ಣ ಪಾತ್ರೆಗೆ ಹೆಚ್ಚು ದುಡ್ಡು ಕೇಳುವ ಅಂಗಡಿಯನ್ನು ಅವಳು ಅಲ್ಲೇ ಮೊದಲು ನೋಡಿದ್ದು.

“ಜೂಮ್ ನೋಡಿ ಸಾರ್, ಚಂದ್ರನ ಮೇಲಿನ ಗುಂಡಿ ಕೂಡ ಕಾಣುತ್ತೆ,” ಎಂದಿದ್ದ ಒಬ್ಬ ಹುಡುಗ.

“ಚಂದ್ರನಲ್ಲಿ ನಮ್ಮೋರು ಯಾರೂ ಇಲ್ಲಪ್ಪ,” ಎಂದ ಅವನು. “ಮನೇಲಿ ಜನ ನಡೆಯೋದು ಸರಿಯಾಗಿ ಕಾಣುತ್ತಾ? ನಡೆಯೋದು ಕಾಣಬೇಕು.”

ಹುಡುಗ ನಕ್ಕ. ನಕ್ಕು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಾಲದ ಒಂದನ್ನು ಎತ್ತಿ ಅವನ ಹೆಗಲಿಗೇರಿಸಿದ. ಅದು ಕೈಗೆಟುಕುವ ಬೆಲೆಯದು. ಅವನು ಮೂಟೆ ಹೊತ್ತವನಂತೆ ಒಂದು ಕಡೆ ವಾಲಿ ನಿಂತು, ಒಂದು ಕಣ್ಣು ಮುಚ್ಚಿ ಹೆಂಡತಿಯನ್ನು ನೋಡಿದ. ಅವಳಿಗೆ ನಗು ತಡೆಯಲಾಗಲಿಲ್ಲ. “ಇಳಿಸ್ರೀ, ಸಿಮೆಂಟ್ ಹೊರೋಕೆ ಬಂದವರ ಹಾಗೆ ಕಾಣ್ತೀರ.”

ದಾರಿಯಲ್ಲಿ ಕೇಳಿದಳು. “ಇಷ್ಟೆಲ್ಲ ಒದ್ದಾಟ ಯಾಕೆ? ಒಂದು ಫೋಟೋ ತೆಗೆಸಿಕೊಂಡ್ರೆ ಆಗಲ್ವಾ?”

“ಫೋಟೋದಲ್ಲಿ ಎಲ್ಲರೂ ನಿಂತಿರ್ತಾರೆ ಕಣೇ.” ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದ: “ನಮ್ಮಮ್ಮನ ಫೋಟೋ ಇದೆ. ಮುಖ ಇದೆ, ಕಿವಿ ಇದೆ, ಎಲ್ಲಾ ಇದೆ. ಹೇಗೆ ನಡೀತಿದ್ಲು ಅಂತ ನೆನೆಸಿಕೊಳ್ಳೋಕೆ ಹೋದ್ರೆ ಏನೂ ಬರಲ್ಲ. ಒಂದು ಕಾಲು ಸ್ವಲ್ಪ ಎಳೀತಿದ್ಲು. ಎಡಗಾಲೋ ಬಲಗಾಲೋ ಗೊತ್ತಿಲ್ಲ. ಹೆತ್ತ ತಾಯಿ ಕಣೇ.”

ಕೊನೆಗೆ ಒಂದು ಸಂಜೆ ಅವನೊಬ್ಬನೇ ಹೋಗಿ ತಂದ. ಟಿ.ವಿ. ರಿಪೇರಿಯವನ ಹತ್ತಿರ ಬಂದಿದ್ದ ಹಳೆಯದು. ದೊಡ್ಡ ಅಂಗಡಿಯಲ್ಲಿ ಅವನು ಬೆಲೆ ಕಂಡು ಕೆಮ್ಮಿದ್ದ ಕ್ಯಾಮೆರಾದಂಥದೇ, ಅದೇ ಬಣ್ಣ, ಅದೇ ಕಂಪನಿ. ಆದರೆ ಪಕ್ಕದ ಸಣ್ಣ ಪರದೆ ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಕೈಗೆ ಹಾಕಿಕೊಳ್ಳುವ ಪಟ್ಟಿ ಕಿತ್ತುಹೋಗಿತ್ತು. ಅವಳು ಶಾಲೆಯ ಚೀಲಗಳನ್ನು ಹೊಲಿಯುತ್ತಿದ್ದವಳು. ಉಳಿದ ಕ್ಯಾನ್ವಾಸಿನ ತುಂಡಿನಿಂದ ಹೊಸ ಪಟ್ಟಿ ಕತ್ತರಿಸಿ, ನೀಲಿ ದಾರದಲ್ಲಿ ಎರಡೆರಡು ಹೊಲಿಗೆ ಹಾಕಿಕೊಟ್ಟಳು.

ಅಲ್ಲಿಂದ ಬೀದಿಗೆ ಅವನು ‘ಡೈರೆಕ್ಟ್ರು’ ಆದ. ಮಗಳು ಶಾಲೆಗೆ ಹೋಗುವುದನ್ನು ಹಿಂದಿನಿಂದ ತೆಗೆದ. ಹೆಂಡತಿ ಬಕೆಟ್ಟು ಹೊತ್ತು ಬರುವುದನ್ನು ತೆಗೆದ. ಎದುರುಮನೆ ಅಜ್ಜಿಯನ್ನು ತೆಗೆಯಲು ಹೋದಾಗ ಅವಳು ಗೋಡೆ ಹಿಡಿದು ನಿಂತುಬಿಟ್ಟಳು. “ಮುಖ ತೆಗಿಯೋ, ಕಾಲು ತೆಗೀತಾನಂತೆ ಕಾಲು!” ಹುಟ್ಟುಹಬ್ಬವಿಲ್ಲ, ಮದುವೆಯಿಲ್ಲ, ಅವನ ಸಿನಿಮಾದಲ್ಲಿ ಜನ ಬರೀ ನಡೆಯುತ್ತಿದ್ದರು.

ಒಂದು ದಿನ ಅವಳೇ ಕಸಿದುಕೊಂಡಳು. “ಎಲ್ಲರನ್ನೂ ನಡೆಸಿದ್ದಾಯ್ತು. ಈಗ ನೀವು ನಡೀರಿ.” ಗೇಟಿನಿಂದ ನಲ್ಲಿಯವರೆಗೆ ಅವನು ನಡೆದ. ಯಾರೋ ನೋಡುತ್ತಿದ್ದಾರೆಂದರೆ ಅವನಿಗೆ ಕೈ ಎಲ್ಲಿಡಬೇಕೆಂದೇ ಗೊತ್ತಾಗುತ್ತಿರಲಿಲ್ಲ. ಎರಡೂ ಕೈಯನ್ನು ಮುಂದೆ ಚಾಚಿ, ಇಲ್ಲದ ಹೊದಿಕೆಯ ಕಟ್ಟನ್ನು ಹೊತ್ತುಕೊಂಡವನ ಹಾಗೆ ನಡೆದ. ಅವಳು ನಕ್ಕದ್ದಕ್ಕೆ ಚಿತ್ರವೆಲ್ಲ ಅಲುಗಾಡಿತ್ತು. ಆ ಕ್ಯಾಸೆಟ್ಟು ಕ್ಯಾಮೆರಾದೊಳಗೇ ಇತ್ತು.

* * *

“ಅಮ್ಮ, ಅಪ್ಪ ಇದಾನೆ ಇದರಲ್ಲಿ!” ಎಂದಳು ಮಗಳು. ಪೆಟ್ಟಿಗೆಯಲ್ಲಿ ವೈರುಗಳೂ ಇದ್ದವು. “ಗಾಡಿ ಬರೋದ್ರೊಳಗೆ ಒಂದ್ಸಲ ನೋಡೋಣಮ್ಮ. ಒಂದೇ ಸಲ.”

ಅವಳು ಕ್ಯಾಮೆರಾದ ಪಟ್ಟಿಯನ್ನು ನೋಡುತ್ತಿದ್ದಳು. ಕಪ್ಪು ಪಟ್ಟಿ, ನುಣುಪಾದದ್ದು. ನೀಲಿ ದಾರ ಎಲ್ಲೂ ಇಲ್ಲ. ಹೋಟೆಲಿನವರು ಬದಲಾಯಿಸಿರಬಹುದೆ? ಕಳ್ಳನದೆಂದು ಎತ್ತಿಟ್ಟ ವಸ್ತುವಿಗೆ ಹೊಸ ಪಟ್ಟಿ ಯಾರು ಹಾಕಿಸುತ್ತಾರೆ? ಮಗಳು ಪಕ್ಕದ ಪರದೆ ಎಳೆದಳು. ಅದು ಪೂರ್ತಿ ತೆರೆಯಿತು. ರಿಪೇರಿ ಮಾಡಿಸಿದರೆ? ನೋಡು ಎನ್ನುತ್ತಿತ್ತು ಒಂದು ಮನಸ್ಸು, ಬೇಡ ಎನ್ನುತ್ತಿತ್ತು ಇನ್ನೊಂದು.

ಅವನನ್ನು ಮುಂದಿನ ಕೋಣೆಯಲ್ಲೇ ಮಲಗಿಸಿತ್ತು. ಟಿ.ವಿ. ಇದ್ದದ್ದೂ ಅಲ್ಲೇ, ಅವನ ಕಾಲ ದೆಸೆಯ ಗೂಡಿನಲ್ಲಿ. ಗಂಡಸರು ಇಸ್ತ್ರಿಯಾದ ಶರ್ಟು ತೊಡಿಸಿ ಹಿಂದೆ ಸರಿದರು. ಅಳುತ್ತಿದ್ದವರು ಅಳು ನಿಲ್ಲಿಸಿ ಟಿ.ವಿ.ಯ ಕಡೆ ತಿರುಗಿ ಕುಳಿತರು.

ಪರದೆಯ ಮೇಲೆ ಸಮುದ್ರ ಬಂತು.

ಕೆಂಪು ಟೋಪಿಯ ಒಂದು ಮಗು ಅಲೆಯನ್ನು ಕಂಡು ಕಿರುಚುತ್ತ ಓಡಿ ಬಂತು. ಬಣ್ಣದ ಕೊಡೆಯ ಕೆಳಗೆ ಒಬ್ಬ ದಪ್ಪ ಗಂಡಸು ಅಂಗಾತ ಮಲಗಿದ್ದ. ಒಬ್ಬ ಹೆಂಗಸು ಯಾರಿಗೂ ತಿಳಿಯದ ಭಾಷೆಯಲ್ಲಿ ಏನೋ ಹೇಳಿ ನಕ್ಕಳು.

“ಇವರ್‍ಯಾರೇ? ನಿಮ್ಮ ಕಡೆಯವರಾ?” ಎಂದಳು ಅಜ್ಜಿ.

“ಡೈರೆಕ್ಟ್ರು ಹುಡುಗ ಆಗಿದ್ದಾಗಿನದೇನೋ,” ಎಂದರು ಹಿಂದಿನಿಂದ ಯಾರೋ.

“ಅವನು ಹುಡುಗ ಆಗಿದ್ದಾಗ ತಲೆಗೆ ಎಣ್ಣೆಗೇ ಗತಿ ಇರಲಿಲ್ಲ, ಟೋಪಿ ಎಲ್ಲಿಂದ ಬರಬೇಕು?”

“ಮುಂದೆ ಓಡಿಸು, ಮುಂದೆ ಇರಬಹುದು.”

ಮಗಳು ಮುಂದೆ ಓಡಿಸಿದಳು. ಮತ್ತೆ ಅದೇ ಮಗು, ಅದೇ ಕೊಡೆ. ಸತ್ತವನ ಪಾದಗಳಾಚೆ ಬೇರೆ ಯಾರದೋ ರಜೆ ಕುಣಿಯುತ್ತಿತ್ತು. ಆಮೇಲೆ ಹೋಟೆಲಿನ ಕೋಣೆ ಬಂತು. ಅಗಲ ಮಂಚ, ಬಿಳಿಯ ಹೊದಿಕೆ. ಅವಳು ಒಮ್ಮೆಲೇ ಮುಂದಕ್ಕೆ ಬಾಗಿದಳು. ಹೊದಿಕೆಯ ಮೂಲೆಯನ್ನು ಒಳಕ್ಕೆ ಮಡಿಸಿ, ಅದರ ಮೇಲೊಂದು ಇಸ್ತ್ರಿಯ ಗೆರೆ ಎಳೆದಿತ್ತು. ಮನೆಯ ಚಾದರಕ್ಕೂ ಅವನು ಹಾಗೆಯೇ ಗೆರೆ ಎಳೆಯುತ್ತಿದ್ದ. ಮಗು ಬಂದು ಆ ಗೆರೆಯ ಮೇಲೆ ಕುಪ್ಪಳಿಸಿತು.

ಚಿತ್ರ ಗಿರಗಿರನೆ ತಿರುಗಿತು. ಕ್ಯಾಮೆರಾ ನಿಲ್ಲಿಸುವುದನ್ನು ಮರೆತು ಯಾರೋ ಅದನ್ನು ಎತ್ತಿಕೊಂಡಿದ್ದರು. ಕಪಾಟಿನ ಬಾಗಿಲು, ಮೇಲಿನ ಹಲಗೆ, ಅದರ ಮೇಲೆ ಮಡಿಸಿಟ್ಟ ಕಂಬಳಿಗಳು. ದಪ್ಪ ಬೆರಳುಗಳ ಒಂದು ಕೈ ಕ್ಯಾಮೆರಾವನ್ನು ಆ ಕಂಬಳಿಗಳ ನಡುವೆ ತುರುಕಿತು. ಬಾಗಿಲು ಮುಚ್ಚಿತು. ಕತ್ತಲಾಯಿತು. ಕತ್ತಲೊಳಗಿನಿಂದ ಮಗು ನಗುವ ಸದ್ದು ಮಾತ್ರ ಸ್ವಲ್ಪ ಹೊತ್ತು ಕೇಳಿಸಿತು.

ಮೈದುನನಿಗೆ ಎಲ್ಲರಿಗಿಂತ ಮೊದಲು ಅರ್ಥವಾಗಿರಬೇಕು. ಅವನು ಎದ್ದು ಟಿ.ವಿ. ಆರಿಸಿದ.

“ಹಾಗಾದ್ರೆ ಇಟ್ಟವನು ಆ ಅತಿಥಿಯೇ,” ಎಂದಳು ಮಗಳು. “ತಾನೇ ಮೇಲಿಟ್ಟು, ಮರೆತು...”

“ಸುಮ್ನಿರು,” ಎಂದ ಮೈದುನ. “ಹೆಣ ಮುಂದಿಟ್ಕೊಂಡು ಇದೆಲ್ಲ ಬೇಡ.”

* * *

ಕೆಲಸ ಹೋದ ದಿನ ಲಾಂಡ್ರಿಯ ಹೆಂಗಸರು ತಮ್ಮನ್ನೂ ತೆಗೆಯಬೇಕೆಂದು ದುಂಬಾಲು ಬಿದ್ದಿದ್ದಕ್ಕೆ ಅವನು ಕ್ಯಾಮೆರಾವನ್ನು ಕೆಲಸಕ್ಕೆ ಒಯ್ದಿದ್ದ. ಪಾಳಿ ಮುಗಿಸಿ ಅವರು ಹಿಂದಿನ ಗೇಟಿನಿಂದ ಹೊರಗೆ ನಡೆಯುವುದನ್ನು ತೆಗೆಯುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಮೇಲಿನ ಕೋಣೆಯ ಅತಿಥಿಯ ಕ್ಯಾಮೆರಾ ಕಾಣೆಯಾಯಿತು. ಕೆಳಗಿನವರ ಕಪಾಟುಗಳನ್ನೆಲ್ಲ ಜಾಲಾಡಿದರು. ಮೇಲಿನ ಕೋಣೆಯ ಕಪಾಟು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹುಡುಕುವುದೆಂದರೆ ಕೆಳಗೆ ಹುಡುಕುವುದು ಎಂದೇ ಅಲ್ಲಿಯ ರೂಢಿ.

ಇವನ ಕಪಾಟಿನಲ್ಲಿ ಸಿಕ್ಕ ಕ್ಯಾಮೆರಾವನ್ನು ಅತಿಥಿ ದೂರದಿಂದಲೇ ನೋಡಿ, ತನ್ನದೇ ಎಂದು ತಲೆಯಾಡಿಸಿದ. ವಿಮಾನಕ್ಕೆ ಹೊತ್ತಾಗಿತ್ತು.

“ಪಟ್ಟಿ ನೋಡಿ ಸಾರ್, ನನ್ನ ಹೆಂಡತಿ ಹೊಲಿದಿದ್ದು,” ಎಂದನಂತೆ ಇವನು.

“ಬಿಲ್ಲು ತೋರಿಸು,” ಎಂದರಂತೆ ಅವರು.

ಹಳೆಯ ವಸ್ತುವಿಗೆ ಬಿಲ್ಲು ಎಲ್ಲಿಯದು? ಮಾರಿದ ರಿಪೇರಿಯವನು ಅಂಗಡಿಗೆ ಬೀಗ ಹಾಕಿ ಎತ್ತಲೋ ಹೋಗಿದ್ದ. ಕ್ಯಾಮೆರಾ ವಿಮಾನ ಹತ್ತಿತು. ಇವನು ನಡೆದುಕೊಂಡು ಮನೆಗೆ ಬಂದ.

ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಅವಳು ಒಂದೇ ಮಾತು ಕೇಳಿದಳು. “ನಿಜ ಹೇಳ್ರೀ. ಅದನ್ನ ಎಲ್ಲಿಂದ ತಂದ್ರಿ?”

ಅವನು ಅವಳನ್ನು ನೋಡಿದ. ಅಪರಿಚಿತರ ಮನೆಯ ಬಾಗಿಲು ತಟ್ಟಿದವನ ನೋಟ ಅದು. ಎದ್ದು ಹೋಗಿ, ಆಗಲೇ ಇಸ್ತ್ರಿಯಾಗಿದ್ದ ಮಗಳ ಯೂನಿಫಾರಂಗೆ ಇನ್ನೊಮ್ಮೆ ಇಸ್ತ್ರಿ ಹಾಕಿದ. ಆಮೇಲೆ ಆ ಮನೆಯಲ್ಲಿ ಕ್ಯಾಮೆರಾ ಎಂಬ ಶಬ್ದ ಏಳಲಿಲ್ಲ. ಬೀದಿಯವರು ಮಾತ್ರ ‘ಡೈರೆಕ್ಟ್ರು’ ಎನ್ನುವುದನ್ನು ಬಿಡಲಿಲ್ಲ. ಹೇಳುವ ದನಿ ಬದಲಾಗಿತ್ತು, ಅಷ್ಟೇ.

* * *

ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಅವಳು ಕ್ಯಾಮೆರಾವನ್ನು ರಟ್ಟಿನ ಪೆಟ್ಟಿಗೆಯೊಳಗಿಟ್ಟು ಜಗುಲಿಗೆ ಬಂದಳು. ಮೇಲ್ವಿಚಾರಕ ಇನ್ನೂ ಅಲ್ಲೇ ನಿಂತಿದ್ದ. ಬರೀ ಕೊಟ್ಟು ಹೋಗಲು ಬಂದವನಾದರೆ ಇಷ್ಟು ಹೊತ್ತು ಏಕೆ ನಿಲ್ಲಬೇಕು?

“ಲಾಂಡ್ರಿಯವರು ಒಬ್ಬರೂ ಬರಲಿಲ್ಲ,” ಎಂದಳು ಅವಳು. “ಯಾಕೆ?”

ಮೇಲ್ವಿಚಾರಕ ಮೈದುನನ ಮುಖ ನೋಡಿದ. ಮೈದುನ ನೆಲ ನೋಡಿದ. ಉತ್ತರಕ್ಕೆ ಬೇರೆ ದಾರಿಯಿಲ್ಲವೆಂದು ಕಂಡಾಗ ಮೈದುನನೇ ಹೇಳಿದ. “ರಜೆ ಕೊಡಲಿಲ್ಲ ಅತ್ತಿಗೆ. ಅದೂ ಅಲ್ದೆ, ಅಣ್ಣ ಹೋದ ಸುದ್ದಿ ಕೇಳಿ ಸ್ಟೋರಿನವನು ನಿನ್ನೆ ಬಾಯಿಬಿಟ್ಟಿದಾನೆ. ಅಣ್ಣನನ್ನ ತೆಗೆದ ವಾರದಲ್ಲೇ ಮೇಲಿನ ಕೋಣೇಲಿ ಇನ್ನೊಂದು ಕ್ಯಾಮೆರಾ ಸಿಕ್ಕಿತ್ತು, ಮ್ಯಾನೇಜರೇ ಬಚ್ಚಿಡೋಕೆ ಹೇಳಿದ್ರು ಅಂತ. ಬೆಳಿಗ್ಗೆಯಿಂದ ಹೆಂಗಸರು ಮೆಷಿನ್ ನಿಲ್ಲಿಸಿ ಕೂತಿದಾರೆ.”

“ವಾರದಲ್ಲೇ,” ಎಂದಳು ಅವಳು. ಹೋಟೆಲಿನವರಿಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಅವರು ಗೊತ್ತಿದ್ದೂ ಹೇಳಲಿಲ್ಲ. ಇವಳು ಗೊತ್ತಿಲ್ಲದೆ ಕೇಳಿದಳು. ಎರಡರಲ್ಲಿ ಯಾವುದು ಅವನನ್ನು ಹೆಚ್ಚು ಬಾಗಿಸಿತೋ! ಎಷ್ಟು ಬಿಡಿಸಿದರೂ ಬಿಚ್ಚದ ಗಂಟು ಅದು. ಕೇಳಬೇಕಾದವನು ಒಳಗೆ ಬಿಳಿ ಶರ್ಟು ತೊಟ್ಟು ಮಲಗಿದ್ದ.

“ಆಗಿದ್ದು ಆಗಿಹೋಯ್ತು ತಾಯಿ,” ಎಂದ ಮೇಲ್ವಿಚಾರಕ. ಅವನ ಕೈಗೆ ಮೊಬೈಲು ಬಂದಿತ್ತು. “ಈಗ ನೀವು ಎರಡೇ ಮಾತು ಹೇಳಿಬಿಟ್ರೆ ನಾನು ಹೊರಡ್ತೀನಿ. ‘ಇದು ನಮ್ಮದೇ ಕ್ಯಾಮೆರಾ, ನಮಗೆ ಸಿಕ್ಕಿತು, ನಮ್ಮ ತಕರಾರಿಲ್ಲ’ ಅಂತ. ಇದನ್ನ ಆ ಹೆಂಗಸರಿಗೆ ತೋರಿಸ್ತೀವಿ. ಮೆಷಿನ್ ಶುರುವಾಗುತ್ತೆ. ಇಲ್ಲ ಅಂದ್ರೆ ಅವರೆಲ್ಲರ ಕೆಲಸಕ್ಕೂ ಕುತ್ತು.”

“ಇದು ನಮ್ಮದಲ್ಲ.”

“ನಿಮ್ಮದಕ್ಕಿಂತ ಚೆನ್ನಾಗಿದೆಯಲ್ಲಮ್ಮ! ಎಲ್ಲೂ ಒಡೆದಿಲ್ಲ.”

“ನಮ್ಮದರಲ್ಲಿ ಅವರಿದ್ರು,” ಎಂದಳು ಅವಳು. “ಗೇಟಿಂದ ನಲ್ಲಿವರೆಗೆ ನಡೆದಿದ್ರು. ಇದನ್ನ ಆ ಅತಿಥಿಗೆ ಕಳಿಸಿ. ಆ ಮಗು ಅವರದು. ನಮ್ಮದನ್ನ ತರಿಸಿ.”

“ಎಲ್ಲಿಂದ ತರಿಸಲಿ? ಅವರು ಯಾವ ದೇಶದಲ್ಲಿದಾರೋ. ಆ ಕ್ಯಾಸೆಟ್ ಮೇಲೆ ಅವರ ಮಗೂನೋ ಇನ್ನೇನೋ ತುಂಬಿಸಿಕೊಂಡಿರ್ತಾರೆ. ಇಲ್ಲದ ವಸ್ತುಗೋಸ್ಕರ ಇರೋದನ್ನ ಬಿಡ್ತೀರಾ?”

ಅವನು ಹೇಳಿದ್ದು ನಿಜವಿರಬಹುದು. ಆ ನಡಿಗೆಯ ಮೇಲೆ ಈಗ ಸಮುದ್ರ ಹರಿದಿರಬಹುದು. ಅವಳು ಕಣ್ಣು ಮುಚ್ಚಿ ನೆನೆಸಿಕೊಳ್ಳಲು ನೋಡಿದಳು. ಚಾಚಿದ ಕೈ ನೆನಪಾಯಿತು. ಮೊದಲು ಎತ್ತಿದ ಕಾಲು ಯಾವುದು?

ಮೈದುನ ಹತ್ತಿರ ಬಂದು ದನಿ ತಗ್ಗಿಸಿದ. “ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಿಬಿಡಿ. ಬಾಯಿಮಾತು ತಾನೆ. ನಾಳೆ ಅಡುಗೆಮನೆಗೆ ನಾನು ಹೋಗ್ಬೇಕು. ನೀವು ಹೇಳದೆ ಇದ್ರೆ ಅಣ್ಣ ವಾಪಸ್ ಬರ್ತಾನಾ?”

“ಬರಲ್ಲ,” ಎಂದಳು.

“ಮತ್ತೆ?”

“ಮತ್ತೆ ಏನಂತ ನಂಗೂ ಗೊತ್ತಿಲ್ಲಪ್ಪ. ಒಂದ್ಸಲ ಗೊತ್ತಿಲ್ಲದೆ ಮಾತಾಡಿದ್ದಾಗಿದೆ.”

ಒಳಗಿನಿಂದ ನಾಲ್ವರು ಅವನನ್ನು ಎತ್ತಿ ತಂದು ಗಾಡಿಯಲ್ಲಿ ಮಲಗಿಸಿದರು. ಚಾಲಕ ಒಮ್ಮೆ ಹಾರ್ನ್ ಒತ್ತಿದ. ಮೇಲ್ವಿಚಾರಕನಿಗೂ ಅವಸರವಿತ್ತು, ಜೇಬಿನೊಳಗೆ ಇನ್ನೊಂದು ಫೋನು ಬಿಡದೆ ಗುರುಗುಡುತ್ತಿತ್ತು. ಅವನು ಅವಳ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, ಕ್ಯಾಮೆರಾವನ್ನು ಹೊರಗೆಳೆದು, ಎಡಗೈಯಲ್ಲಿ ಅವಳ ಮುಂದೆ ಹಿಡಿದ. ಬಲಗೈಯಲ್ಲಿ ಮೊಬೈಲು ಎತ್ತಿದ.

“ಸರಿ ತಾಯಿ, ಮಾತೇ ಬೇಡ. ಸುಮ್ಮನೆ ಇದನ್ನ ಕೈಯಲ್ಲಿ ಹಿಡ್ಕೊಂಡು ನಿಂತ್ಕೊಳ್ಳಿ. ಅಷ್ಟು ಸಾಕು. ತಗೊಳ್ಳಿ, ವಿಡಿಯೋ ಶುರುವಾಗಿದೆ.”

“ಹಿಡ್ಕೊಳ್ಳಲ್ಲ,” ಎಂದಳು.

ಅವನು ಇನ್ನೂ ಮುಂದಕ್ಕೆ ಚಾಚಿದ. ಕ್ಯಾಮೆರಾ ಅವಳ ಎದೆಗೆ ತಗುಲುವಷ್ಟು ಹತ್ತಿರ ಬಂತು. ಅವಳು ಎರಡೂ ಕೈಗಳನ್ನು ಕಂಕುಳೊಳಗೆ ಹುದುಗಿಸಿಕೊಂಡು ನಿಂತಳು. ಗಾಡಿಯ ಹಿಂಬಾಗಿಲು ತೆರೆದೇ ಇತ್ತು. ಬೀದಿಯವರು ಸಾಲಾಗಿ ನಿಂತು ನೋಡುತ್ತಿದ್ದರು. ಮೈದುನ ಒಂದು ಕೈ ಮುಂದೆ ತಂದು, ಹಿಂದಕ್ಕೆ ಎಳೆದುಕೊಂಡ. ಮೇಲ್ವಿಚಾರಕನ ಚಾಚಿದ ತೋಳು ಸೋತು ಜಗ್ಗತೊಡಗಿತು. ಅದನ್ನು ಇಳಿಸಲು ಎಲ್ಲೂ ಜಾಗವಿರಲಿಲ್ಲ. ಮೊಬೈಲಿನ ಪರದೆಯ ಮೇಲೆ ಕೆಂಪು ಚುಕ್ಕೆಯೊಂದು ಮಿನುಗುತ್ತಲೇ ಇತ್ತು.